ತಕ್ಕಡಿಯವರಿಗೆ ನೆಂಟರಿಲ್ಲ

ಆ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಯಾರು ಯಾರನ್ನು ಏನು ಬೇಕಾದರೂ ಅನ್ನಬಹುದಿತ್ತು. ಹಮಾಲಿಗಳು ವ್ಯಾಪಾರಿಗಳನ್ನು ಬೈಯುತ್ತಿದ್ದರು, ವ್ಯಾಪಾರಿಗಳು ಲಾರಿ ಡ್ರೈವರುಗಳನ್ನು ಬೈಯುತ್ತಿದ್ದರು, ಡ್ರೈವರುಗಳು ಬೈಯಲು ಯಾರೂ ಸಿಗದೆ ರಸ್ತೆಯನ್ನು ಬೈಯುತ್ತಿದ್ದರು. ಆದರೆ ಒಬ್ಬರನ್ನು ಮಾತ್ರ ಅಣ್ಣ ಎನ್ನುವಂತಿರಲಿಲ್ಲ, ಅಕ್ಕ ಎನ್ನುವಂತಿರಲಿಲ್ಲ. ಮಾವ, ಅತ್ತೆ, ಚಿಕ್ಕಪ್ಪ, ಚಿಕ್ಕಮ್ಮ ಯಾವುದೂ ನಡೆಯುತ್ತಿರಲಿಲ್ಲ. ಸಾರ್, ಮೇಡಂ ಎಂದು ಬೆಣ್ಣೆ ಹಚ್ಚುವುದಕ್ಕೂ ಅವಕಾಶವಿರಲಿಲ್ಲ. ಅಂಗಳದ ನಡುವೆ ತಗಡಿನ ಸೂರಿನ ಕೆಳಗೆ, ಕಬ್ಬಿಣದ ಆ ದೊಡ್ಡ ತಕ್ಕಡಿಯ ಪಕ್ಕ ನಿಂತು ಮೂಟೆ ತೂಗುವವರು ಯಾರೇ ಆಗಿರಲಿ, ಅವರಿಗೆ ಒಂದೇ ಹೆಸರು. ತಕ್ಕಡಿಯವರು.

ಇದು ಯಾರೋ ಮಹಾನುಭಾವರು ಕೂತು ಯೋಚಿಸಿ ಮಾಡಿದ ನಿಯಮವಲ್ಲ, ಕುಂಬಳಕಾಯಿ ಜಗಳದಲ್ಲಿ ಹುಟ್ಟಿದ್ದು. ಹಿಂದೆ ಯಾವ ಕಾಲದಲ್ಲೋ ತೂಗುತ್ತಿದ್ದವನ ಭಾಮೈದನೊಬ್ಬ ಕುಂಬಳಕಾಯಿ ವ್ಯಾಪಾರಕ್ಕೆ ಇಳಿದನಂತೆ. ಅವನ ಕುಂಬಳಕಾಯಿಗಳು ಅಕ್ಕಪಕ್ಕದ ಅಂಗಡಿಯ ಕುಂಬಳಕಾಯಿಗಳಿಗಿಂತ ಭಾರ ತೂಗತೊಡಗಿದವಂತೆ. ಕೊಳ್ಳುವವರಿಗೆ ವಿಷಯ ತಿಳಿಯುವ ಹೊತ್ತಿಗೆ ಒಂದೆರಡು ಒಡೆದಿದ್ದವು, ಕುಂಬಳಕಾಯಿಗಳಲ್ಲ, ತಲೆಗಳು. ಆಮೇಲೆ ಮಾರುಕಟ್ಟೆ ಸಂಘದವರು ಸೇರಿ ತೀರ್ಮಾನಿಸಿದರು: ತೂಗುವವರಿಗೆ ಈ ಕಾಂಪೌಂಡಿನೊಳಗೆ ನೆಂಟರು ಇರಕೂಡದು, ನೆಂಟಸ್ತಿಕೆ ಹಚ್ಚಿ ಅವರನ್ನು ಯಾರೂ ಕರೆಯಕೂಡದು. ಇವತ್ತು ಅಣ್ಣ ಅಂದವನು ನಾಳೆ 'ಸ್ವಲ್ಪ ನೋಡಿ ತೂಗು ಅಣ್ಣ' ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಬಾಯಿ ಜಾರಿ ಕರೆದವರು ಆ ಹೊತ್ತಿಗೆ ಅಂಗಳದಲ್ಲಿ ಇದ್ದವರಿಗೆಲ್ಲ ಟೀ ಕೊಡಿಸಬೇಕು. ಹೊಸ ವ್ಯಾಪಾರಿ ಯಾರಾದರೂ ಬಂದರೆ ಟೀ ಅಕ್ಕನ ಮುಖ ಅರಳುತ್ತಿತ್ತು. ಗೇಟಿನ ಪಕ್ಕ ಸ್ಟೌ ಇಟ್ಟುಕೊಂಡಿದ್ದ ಆಕೆ, ಹೊಸಬ ತಕ್ಕಡಿಯ ಹತ್ತಿರ ಹೋಗುವುದನ್ನು ಕಂಡ ಕೂಡಲೇ ದೊಡ್ಡ ಪಾತ್ರೆಗೆ ನೀರು ಸುರಿಯುತ್ತಿದ್ದಳು. ಲೆಕ್ಕ ತಪ್ಪುತ್ತಿದ್ದುದು ಅಪರೂಪ.

ಈ ಕಥೆಯ ತಕ್ಕಡಿಯವರು ಆ ಜಾಗಕ್ಕೆ ಬರುವ ಮೊದಲು ಹೆಸರಿನ ವಿಷಯದಲ್ಲಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಅವರು ಗಂಡಸೂ ಅಲ್ಲ, ಹೆಂಗಸೂ ಅಲ್ಲ. ಇದು ಅವರಿಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಹುಟ್ಟಿದಾಗ ಹೆತ್ತವರು ಒಂದು ಅಂದುಕೊಂಡಿದ್ದರು. ಅದು ಯಾವುದು ಎಂದು ನಾನು ಹೇಳುವುದಿಲ್ಲ. ಓದುವವರಿಗೆ ಕುತೂಹಲ ಇದ್ದರೆ ಇರಲಿ. ಆ ಕುತೂಹಲದಿಂದಲೇ ತಕ್ಕಡಿಯವರು ಹೈರಾಣಾಗಿದ್ದು. ಶಾಲೆಯಲ್ಲಿ ಎರಡು ಸಾಲು ಮಾಡಿಸಿದರೆ ಕೊನೆಗೆ ನಿಂತು, ಯಾರಾದರೂ ಭುಜ ಹಿಡಿದು ನೂಕುವ ತನಕ ಕಾಯುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ ಗಿರಾಕಿಗಳು, "ಸಾರ್, ಆ ಹಸಿರು ತೋರಿಸಿ... ಅಲ್ಲ ಮೇಡಂ... ಅಯ್ಯೋ, ಏನಂತ ಕರೀಲಿ ನಿಮ್ಮನ್ನ?" ಎಂದು ತಾವೇ ನಗುತ್ತಿದ್ದರು. ಆಮೇಲೆ ಹಸಿರನ್ನು ಬಿಟ್ಟು ಇವರನ್ನೇ ನೋಡುತ್ತ ನಿಲ್ಲುತ್ತಿದ್ದರು. ಮಾಲೀಕನಿಗೆ ಹಸಿರು ಮಾರಾಟವಾಗಬೇಕಿತ್ತು, ಇವರನ್ನು ಬಿಡಿಸಿದ.

ಸ್ವಂತ ಅಕ್ಕ ಎನ್ನಿಸಿಕೊಂಡವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಅವಳ ಮಕ್ಕಳು ಮಾತು ಕಲಿಯುವ ವಯಸ್ಸಿಗೆ ಬಂದಿದ್ದವು. "ಮಕ್ಕಳು ನಿನ್ನ ಏನಂತ ಕರೀಬೇಕು ಅನ್ನೋದನ್ನ ಮೊದ್ಲು ತೀರ್ಮಾನ ಮಾಡ್ಕೊ. ಆಮೇಲೆ ನಮ್ಮ ಮನೆಗೆ ಬಾ. ಬೀದಿಯವರೆಲ್ಲ ಕೇಳ್ತಾರೆ, ನಂಗೆ ಉತ್ತರ ಕೊಟ್ಟು ಸಾಕಾಗಿದೆ" ಎಂದಳು. ಇವರು ತೀರ್ಮಾನ ಮಾಡಿಕೊಂಡು ಆಗಿತ್ತು. ಆ ತೀರ್ಮಾನಕ್ಕೆ ತಕ್ಕ ಪದ ಆ ಮನೆಯಲ್ಲಿ ಇರಲಿಲ್ಲ, ಅಷ್ಟೇ. ಅಪರೂಪಕ್ಕೊಮ್ಮೆ ಹೋಗಿ ಬಾಗಿಲಲ್ಲೇ ಹಣ್ಣಿನ ಚೀಲ ಕೊಟ್ಟು ಬರುತ್ತಿದ್ದರು.

ತಾಯಿ ಇದೇ ಮಾರುಕಟ್ಟೆಯಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಿದ್ದವಳು. ತಾಯಿ ತೀರಿಕೊಂಡ ಮೇಲೆ ಆ ದಪ್ಪ ಸೂಜಿ ಹಿಡಿದು ಇವರು ಅದೇ ಮೂಲೆಯಲ್ಲಿ ಕೂತರು. ತಲೆ ತಗ್ಗಿಸಿ ಹೊಲಿಯುವವರನ್ನು ಯಾರೂ ಏನೂ ಕರೆಯುವುದಿಲ್ಲ, ಚೀಲ ಎಸೆದು ಹೋಗುತ್ತಾರೆ. ಅದೇ ನೆಮ್ಮದಿಯಾಗಿತ್ತು. ಅಷ್ಟರಲ್ಲಿ ತೂಗುತ್ತಿದ್ದ ಮುದುಕರಿಗೆ ಕಣ್ಣು ಮಂಜಾಯಿತು. ಮಾರುಕಟ್ಟೆಯಲ್ಲಿ ನೆಂಟರಿಲ್ಲದವರು ಬೇಕು ಎಂದು ಸಂಘದವರು ಹುಡುಕಿದರೆ, ಎಲ್ಲರಿಗೂ ಒಬ್ಬರಲ್ಲ ಒಬ್ಬರು ನೆಂಟರು. ಕೊನೆಗೆ ಗೋಣಿ ಮೂಲೆಯಲ್ಲಿ ಕೂತಿದ್ದ ಇವರೇ ಕಣ್ಣಿಗೆ ಬಿದ್ದರು.

ಮೊದಲ ದಿನ ತಕ್ಕಡಿಯ ತೋಳಿನ ಮೇಲೆ ತೂಕದ ಗುಂಡನ್ನು ಅವರು ಅತ್ತ ಸರಿಸಿ, ಇತ್ತ ಸರಿಸಿ, ಮತ್ತೆ ಮೊದಲಿನಿಂದ ನೋಡುತ್ತಿದ್ದರು. ಹಿಂದೆ ಸಾಲು ಬೆಳೆದಿತ್ತು. ಆಲೂಗಡ್ಡೆ ವ್ಯಾಪಾರಿಯೊಬ್ಬ ತಾಳ್ಮೆಗೆಟ್ಟು ಕಿರುಚಿದ: "ರೀ ತಕ್ಕಡಿಯವರೇ! ಆಲೂಗಡ್ಡೆ ಮೊಳಕೆ ಒಡೆಯೋ ತನಕ ತೂಗ್ತೀರಾ?" ಸುತ್ತ ಇದ್ದವರು ನಕ್ಕರು. ಇವರ ಕಣ್ಣಲ್ಲಿ ನೀರು ಬಂತು. ಅವಮಾನಕ್ಕೆ ಎಂದು ಎಲ್ಲರೂ ತಿಳಿದರು. ಅಲ್ಲ, ಬೈಸಿಕೊಂಡು ಯಾರಾದರೂ ಸುಖಪಟ್ಟಿದ್ದರೆ ಅದು ಅವರೊಬ್ಬರೇ. ಹುಟ್ಟಿದ ಮೇಲೆ ಮೊದಲ ಸಲ ಯಾರೋ ಕರೆದದ್ದು ನೇರವಾಗಿ ತಮ್ಮನ್ನೇ ಬಂದು ತಲುಪಿತ್ತು. "ಆಯ್ತು ಆಯ್ತು, ಮೂಟೆ ಏರಿಸಿ" ಎಂದರು. ಗುಂಡು ಒಂದೇ ಸಲಕ್ಕೆ ಸರಿಯಾದ ಜಾಗಕ್ಕೆ ಹೋಗಿ ನಿಂತಿತು.

ಆಮೇಲೆ ಅವರು ಬೆಳೆದ ರೀತಿಯನ್ನು ನೋಡಬೇಕಿತ್ತು. ತಲೆಗೂದಲು ಚಿಕ್ಕದಾಗಿ ಕತ್ತರಿಸಿ, ಮೊಣಕೈ ತನಕ ತೋಳು ಮಡಚಿದ ಬೂದುಬಣ್ಣದ ಅಂಗಿ ತೊಟ್ಟು, ಸೊಂಟಕ್ಕೆ ತಕ್ಕಡಿ ಒರೆಸುವ ಬಟ್ಟೆ ಸಿಕ್ಕಿಸಿ ನಿಂತರೆಂದರೆ ಅಂಗಳಕ್ಕೇ ಒಂದು ಗತ್ತು. ತೂಕ ಕೂಗುವ ಗಂಟಲು ಗೇಟಿನ ಆಚೆಗೂ ಕೇಳುತ್ತಿತ್ತು. ಒದ್ದೆ ಮೂಟೆ ತಂದವನಿಗೆ, "ನೀರು ಮಾರೋದಾದ್ರೆ ಪಕ್ಕದ ಬೀದೀಲಿ ಮಾರು, ಇಲ್ಲಿ ತರಕಾರಿ ಮಾತ್ರ" ಎನ್ನುತ್ತಿದ್ದರು. ಊರಿನ ಹೋಟೆಲಿನವರು, ಹಾಸ್ಟೆಲಿನವರು, "ತಕ್ಕಡಿಯವರು ಕೂಗಿದ್ದಾ? ಹಾಗಿದ್ರೆ ಸರಿ" ಎಂದು ಮೂಟೆ ಬಿಚ್ಚಿಯೂ ನೋಡದೆ ಹೊತ್ತುಕೊಂಡು ಹೋಗುತ್ತಿದ್ದರು. ಬೀದಿಯಲ್ಲೂ, ಔಷಧಿ ಅಂಗಡಿಯಲ್ಲೂ, ಕ್ಷೌರದಂಗಡಿಯಲ್ಲೂ ಅದೇ ಹೆಸರು ಜೊತೆಗೆ ಬಂತು. ಸಾರೋ ಮೇಡಮ್ಮೋ ಎಂದು ತಡವರಿಸುವವರಿಗೆ ಪಕ್ಕದವರೇ ಹೇಳಿಕೊಡುತ್ತಿದ್ದರು: "ಅವರು ನಮ್ಮ ತಕ್ಕಡಿಯವರು ಕಣ್ರೀ."

ಈರುಳ್ಳಿ ಅವರ ಬಾಳಿಗೆ ಬಂದದ್ದು ಅದಾದ ಕೆಲವು ವರ್ಷಕ್ಕೆ. ಈರುಳ್ಳಿ ಎಂದರೆ ಈರುಳ್ಳಿ ವ್ಯಾಪಾರಿ. ಮಾರುಕಟ್ಟೆಯಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ಬಾಡಿಗೆ ಕೈಗಾಡಿಯಲ್ಲಿ ನಾಲ್ಕು ಮೂಟೆ ತಂದ ಎಳೆ ಪ್ರಾಯದವನು, ಮೂಟೆಯಲ್ಲಿ ಅರ್ಧ ಕೊಳೆತದ್ದು ಕಂಡು ಅಂಗಳದಲ್ಲೇ ಕುಕ್ಕರುಬಡಿದು ಕೂತ. ತಕ್ಕಡಿಯವರು ಕೆಲಸ ಮುಗಿದ ಮೇಲೆ ಅವನ ಪಕ್ಕ ಕೂತು, ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸಿ ಕೊಟ್ಟರು. ಮೂಟೆಯ ಅಡಿಯಲ್ಲಿ ಕೈ ಹಾಕಿ ನೋಡುವುದನ್ನು, ಯಾವ ಲಾರಿಯವನನ್ನು ನಂಬಬಾರದು ಎನ್ನುವುದನ್ನು ಹೇಳಿಕೊಟ್ಟರು. ಅವನು ಚಿಗುರಿದ. ಅಂಗಡಿ ಹಿಡಿದ, ಮದುವೆಯಾದ, ಎರಡಂತಸ್ತಿನ ಸಣ್ಣ ಮನೆಯೊಂದನ್ನು ಕೊಂಡ. "ಮಹಡಿ ಮೇಲಿನ ರೂಮು ನಿಮಗೇ" ಎಂದು ಒತ್ತಾಯ ಮಾಡಿ ಕರೆದುಕೊಂಡು ಹೋದ. ಹೊರಗಿನಿಂದ ಮೆಟ್ಟಿಲು, ಒಂದು ಕಿಟಕಿ, ಕಿಟಕಿಯಲ್ಲಿ ನೀರಿನ ಟ್ಯಾಂಕು ಕಾಣುತ್ತಿದ್ದ ರೂಮು. ಬಾಡಿಗೆಯನ್ನು ತಪ್ಪದೆ ಕೊಡುತ್ತಿದ್ದರು. ಋಣದಲ್ಲಿರುವವರು ನೆಂಟರಿಗಿಂತ ಅಪಾಯ ಎಂದು ಅವರಿಗೆ ಗೊತ್ತಿತ್ತು.

ಒಂದು ಸಂಜೆ ಆ ಮೆಟ್ಟಿಲ ಮೇಲೆ ಕೂತಿದ್ದಾಗ ಅವನು ಕೇಳಿದ: "ಮನೇಲಾದ್ರೂ ಅಣ್ಣ ಅನ್ಲಾ, ಅಕ್ಕ ಅನ್ಲಾ? ಇಲ್ಲಿ ಟೀ ದಂಡ ಇಲ್ವಲ್ಲ."

ಯಾರಿಗೂ ಹೇಳದೇ ಇದ್ದದ್ದನ್ನು ತಕ್ಕಡಿಯವರು ಅವತ್ತು ಹೇಳಿದರು. "ಎರಡೂ ಬೇಡಪ್ಪ. ಎರಡೂ ನಾನಲ್ಲ. ಮಾರ್ಕೆಟ್ನೋರಿಗೆ ಅದು ತೂಕದ ನಿಯಮ. ನನಗೆ ಹಾಗಲ್ಲ. ಈ ಹೆಸರು ಸಿಗೋಕೆ ಮುಂಚೆ ಯಾರು ನನ್ನ ಕರೆದ್ರೂ ಪಕ್ಕದಲ್ಲಿರೋ ಇನ್ಯಾರನ್ನೋ ಕರೆದ ಹಾಗೆ ಇರ್ತಿತ್ತು. ತಿರುಗಿ ನೋಡ್ತಿದ್ದೆ, ಅಷ್ಟೇ. ನನ್ನ ಹತ್ರ ಇರೋದು ಇದೊಂದೇ ಹೆಸರು ಕಣೋ. ಇದು ಹೋದ್ರೆ ನಾನು ಮತ್ತೆ ಗೋಣಿ ಮೂಲೆಗೆ."

ಈರುಳ್ಳಿ ಅತ್ತುಬಿಟ್ಟ. ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡು, "ನನ್ನ ಬಾಯಲ್ಲಿ ಬೇರೆ ಮಾತು ಬಂದ್ರೆ ಆಮೇಲೆ ಕೇಳಿ ತಕ್ಕಡಿಯವರೇ" ಎಂದ. ಈರುಳ್ಳಿ ವ್ಯಾಪಾರಿಯ ಕಣ್ಣೀರಿಗೆ ಅಷ್ಟು ಬೆಲೆ ಕೊಡಬಾರದು ಎಂದು ಪಕ್ಕದಲ್ಲಿ ಯಾರಾದರೂ ಹೇಳುವವರು ಇರಬೇಕಿತ್ತು.

ಆದರೆ ಸುಳ್ಳು ಹೇಳಬಾರದು, ತುಂಬಾ ಕಾಲ ಅವನು ಮಾತು ಉಳಿಸಿಕೊಂಡ. ಹೊಸಬರು ಬಾಯಿ ತೆರೆಯುವ ಮೊದಲೇ ಓಡಿ ಬಂದು, "ತಕ್ಕಡಿಯವರು ಅನ್ನಬೇಕು, ಗೊತ್ತಾಯ್ತಾ?" ಎಂದು ಎಚ್ಚರಿಸಿ ಟೀ ಅಕ್ಕನ ವ್ಯಾಪಾರ ಕೆಡಿಸುತ್ತಿದ್ದವನು ಅವನೇ. ಅವನಿಗೆ ಮಗಳು ಹುಟ್ಟಿದಳು. ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತಿದ್ದ ಆ ಮಗು ಅಮ್ಮ, ಅಪ್ಪ ಆದ ಮೇಲೆ ಕಲಿತ ಮೂರನೆಯ ಮಾತು 'ತಕ್ಕಡಿ.' ಅವರು, ಇವರು ಎಂಬ ಬಾಲ ಅದಕ್ಕೆ ಬೇಕಿರಲಿಲ್ಲ. ಅಪ್ಪ ಎಂದಷ್ಟೇ ಸಲೀಸಾಗಿ ತಕ್ಕಡಿ ಎನ್ನುತ್ತಿತ್ತು. ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿಯುತ್ತ, "ತಕ್ಕಡೀ, ನನ್ನ ತೂಗು!" ಎಂದು ಎರಡೂ ಕೈ ಎತ್ತುತ್ತಿತ್ತು. ಅವರು ಎತ್ತಿ ಹಿಡಿದು, "ಮೂಟೆ ಒದ್ದೆ ಇದೆ, ಇಳಿಸಿ ಇಳಿಸಿ" ಎಂದು ಕೂಗುತ್ತಿದ್ದರು. ಅಕ್ಕನ ಮನೆಯ ಬಾಗಿಲಲ್ಲಿ ಕಳೆದುಕೊಂಡದ್ದು ಇಲ್ಲಿ ಬಡ್ಡಿ ಸಮೇತ ಸಿಕ್ಕಿತ್ತು.

ಹೀಗಿರುವಾಗ ಊರಿನ ದೊಡ್ಡ ಆಸ್ಪತ್ರೆಯ ಅಡುಗೆಮನೆಗೆ ವರ್ಷವಿಡೀ ಈರುಳ್ಳಿ ಒದಗಿಸುವ ಗುತ್ತಿಗೆ ಖಾಲಿಯಾಯಿತು. ಆ ಅಡುಗೆಮನೆಯ ಉಸ್ತುವಾರಿ ನೋಡುತ್ತಿದ್ದವರು ಒಬ್ಬ ಮೇಡಂ. ಹಿಂದಿನವನು ತೂಕದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದಿದ್ದರಿಂದ ಆಕೆಗೆ ವ್ಯಾಪಾರಿಗಳೆಂದರೆ ಮೈ ಉರಿಯುತ್ತಿತ್ತು. "ಯಾರನ್ನ ನಂಬ್ಕೊಂಡು ಕೊಡ್ಲಿ?" ಎಂದು ಬಂದವರನ್ನೆಲ್ಲ ವಾಪಸು ಕಳಿಸಿದರು. ಮಾರುಕಟ್ಟೆಯಲ್ಲಿ ಆಕೆಗೆ ಗೊತ್ತಿದ್ದ ನಂಬಿಕೆಯ ಹೆಸರು ಒಂದೇ, ತಕ್ಕಡಿಯವರದ್ದು. ಈರುಳ್ಳಿ ಹೋಗಿ ಬಂದ. ಗುತ್ತಿಗೆ ಅವನಿಗೆ ಸಿಕ್ಕಿತು.

"ಹೇಗೋ ಸಿಕ್ತು?" ಎಂದು ತಕ್ಕಡಿಯವರು ಕೇಳಿದರು.

"ನಿಮ್ಮ ಆಶೀರ್ವಾದ" ಎಂದ ಅವನು, ಮುಖ ಅತ್ತ ತಿರುಗಿಸಿ ಮೂಟೆಯ ಬಾಯಿ ಕಟ್ಟುತ್ತ.

ಅದು ಬರೀ ಮಾತಿನ ಮಾತು ಎಂದು ಅವರು ತಿಳಿದರು. ಆದರೆ ಬಾಯಿಂದ ಬಾಯಿಗೆ ಸುದ್ದಿ ಬಂತು. ಅವನು ಮೇಡಂ ಹತ್ತಿರ, ತಕ್ಕಡಿಯವರು ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟು, ಒಂದೇ ಮನೆ, ಒಂದೇ ರಕ್ತ, ಅವರ ನಿಯತ್ತೇ ನನ್ನ ನಿಯತ್ತು ಎಂದು ಹೇಳಿದ್ದನಂತೆ. ಗುತ್ತಿಗೆ ತಪ್ಪಿಹೋದ ವ್ಯಾಪಾರಿಯೊಬ್ಬ ಇದನ್ನು ಹಿಡಿದುಕೊಂಡು ಸಂಘಕ್ಕೆ ದೂರು ಕೊಟ್ಟ. ತಕ್ಕಡಿಯವರಿಗೆ ನೆಂಟರಿಲ್ಲ ಅಂತ ತಾನೆ ನಿಯಮ? ಹಾಗಾದರೆ ಇದೇನು?

ತಕ್ಕಡಿಯವರು ನಂಬಲಿಲ್ಲ. "ಸೋತವನು ಏನಾದ್ರೂ ಹೇಳ್ತಾನೆ. ನಮ್ಮ ಹುಡುಗ ಹಾಗೆ ಮಾಡೋನಲ್ಲ" ಎಂದು ಟೀ ಅಕ್ಕನಿಗೆ ಹೇಳಿದರು. ಅವನನ್ನು ಕೇಳಲೂ ಇಲ್ಲ. ಕೇಳಿದರೆ ಅನುಮಾನ ಪಟ್ಟ ಹಾಗಾಗುತ್ತದೆ ಎಂಬ ಸಂಕೋಚ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಆ ಸಂಕೋಚವನ್ನು ನೆನೆದರೆ.

ವ್ಯಾಪಾರ ಮುಗಿದ ಮಧ್ಯಾಹ್ನ ಅಂಗಳದಲ್ಲೇ ಸಭೆ ಸೇರಿತು. ತಗಡಿನ ಸೂರಿನ ಕೆಳಗೆ ಅಧ್ಯಕ್ಷರು ಮಡಚುವ ಕುರ್ಚಿಯಲ್ಲಿ ಕೂತರು. ಬೆಳ್ಳುಳ್ಳಿ ವ್ಯಾಪಾರಿಯಾದ ಅವರು ಮನಸ್ಸಿನಲ್ಲಿ ಕೆಟ್ಟವರಲ್ಲ, ಆದರೆ ಜಗಳ ಎಂದರೆ ಆಗದವರು. ಆಸ್ಪತ್ರೆಯ ಮೇಡಮ್ಮಿಗೂ ಸುದ್ದಿ ಮುಟ್ಟಿ, ಆಕೆಯೂ ಬಂದು ಕೈಕಟ್ಟಿ ನಿಂತಿದ್ದರು. ಹಮಾಲಿಗಳು ಮೂಟೆಗಳ ಮೇಲೆ ಕೂತರು. ತಕ್ಕಡಿಯವರು ಎಂದಿನ ಜಾಗದಲ್ಲಿ, ತಕ್ಕಡಿಯ ಪಕ್ಕದಲ್ಲೇ ನಿಂತರು.

"ನಿಮಗೂ ಈರುಳ್ಳಿಗೂ ಏನಾದ್ರೂ ನೆಂಟಸ್ತಿಕೆ ಇದ್ಯಾ ತಕ್ಕಡಿಯವರೇ?" ಎಂದು ಅಧ್ಯಕ್ಷರು ಕೇಳಿದರು.

"ಇಲ್ಲ. ಅವನ ಮಹಡಿ ಮೇಲೆ ಬಾಡಿಗೆಗೆ ಇದ್ದೀನಿ. ಇಲ್ಲಿರೋರಿಗೆಲ್ಲ ಗೊತ್ತಿರೋದೇ."

ಅಧ್ಯಕ್ಷರು ಈರುಳ್ಳಿಯ ಕಡೆ ತಿರುಗಿದರು. "ನೀನೇ ಹೇಳಪ್ಪ. ಇದೆಯೋ ಇಲ್ವೋ?"

ಅವನು ಇಲ್ಲ ಅಂದರೆ ಮೇಡಂ ಮುಂದೆ ಸುಳ್ಳುಗಾರ, ಗುತ್ತಿಗೆ ಅಲ್ಲೇ ಮಣ್ಣುಪಾಲು. ಇದೆ ಅಂದರೆ ತಕ್ಕಡಿಯವರು ತಕ್ಕಡಿ ಬಿಟ್ಟು ಇಳಿಯಬೇಕು. ಇಷ್ಟೇ ಇದ್ದದ್ದು. ಅವನು ಮೇಡಂ ಮುಖ ನೋಡಿದ, ಆಮೇಲೆ ನೆಲ ನೋಡಿದ. ತಕ್ಕಡಿಯವರು ಅವನನ್ನೇ ನೋಡುತ್ತಿದ್ದರು. ಹೆದರಿಕೆಯಿಂದಲ್ಲ, ಪಾಪ ಹುಡುಗ ಸಿಕ್ಕಿಕೊಂಡಿದ್ದಾನಲ್ಲ ಎಂಬ ಕನಿಕರದಿಂದ. ಗುತ್ತಿಗೆ ಹೋದರೆ ಹೋಗಲಿ, ಬೇರೆ ದಾರಿ ಹುಡುಕೋಣ ಎಂದು ಮನಸ್ಸಿನಲ್ಲೇ ಸಮಾಧಾನವನ್ನೂ ಜೋಡಿಸಿಟ್ಟುಕೊಂಡಿದ್ದರು.

ಅವನು ನಾಲ್ಕು ಹೆಜ್ಜೆ ನಡೆದು ಬಂದು ಅವರ ಹೆಗಲ ಮೇಲೆ ಕೈ ಹಾಕಿದ. ಬಾಯ್ತುಂಬ ಕರೆದ. ಅಣ್ಣನೋ ಅಕ್ಕನೋ, ಎರಡರಲ್ಲಿ ಒಂದು. ಯಾವುದು ಎಂದು ಅವನು ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದ, ನಾನು ಹೇಳುವುದಿಲ್ಲ. "ಇನ್ನು ಮುಚ್ಚಿಟ್ಟು ಏನಾಗ್ಬೇಕು? ಕೆಲಸ ಹೋಗುತ್ತೆ ಅಂತ ಇಷ್ಟು ದಿನ ಸುಮ್ನಿದ್ವಿ. ಒಡಹುಟ್ಟಿದೋರನ್ನ ಇಲ್ಲ ಅನ್ನೋಕೆ ನನ್ನ ನಾಲಿಗೆ ಏಳಲ್ಲ" ಎಂದ.

ಮೂಟೆಯ ಮೇಲೆ ಕೂತಿದ್ದ ಹಿರಿಯ ಹಮಾಲಿಯೊಬ್ಬನಿಗೆ ವರ್ಷಗಳ ಅಭ್ಯಾಸ. ತಕ್ಕಡಿಯವರನ್ನು ಯಾರಾದರೂ ಹಾಗೆ ಕರೆದ ತಕ್ಷಣ ಕೂಗುವುದು ಅವನ ಕೆಲಸ. ಯೋಚನೆ ಮಾಡದೆ ಕೂಗಿಬಿಟ್ಟ: "ಟೀ! ಎಲ್ಲರಿಗೂ ಟೀ!"

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಬಿಗಿದಿದ್ದದ್ದು ಸಡಿಲವಾಯಿತಲ್ಲ ಎಂದು ಅಧ್ಯಕ್ಷರಿಗೂ ಹಾಯೆನಿಸಿ, "ಸರಿ, ತನ್ನಿ ತನ್ನಿ" ಎಂದರು. ಟೀ ಅಕ್ಕ ತಂದಳು. ಲೋಟಗಳು ಕೈಯಿಂದ ಕೈಗೆ ದಾಟಿದವು.

"ಸುಳ್ಳು" ಎಂದರು ತಕ್ಕಡಿಯವರು. ಅಂಗಳದಾಚೆಗೆ ತೂಕ ಕೂಗುತ್ತಿದ್ದ ಗಂಟಲಿನಿಂದ ಆ ಮಾತು ಎದುರಿನವರಿಗೆ ಕೇಳುವಷ್ಟೇ ಬಂತು. "ನಮ್ಮಮ್ಮ ಇಲ್ಲೇ ಚೀಲ ಹೊಲಿದೋಳು. ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಇವನು ಅವಳ ಮಗನಾ? ಯಾರಾದ್ರೂ ಒಬ್ರು ಹೇಳಿ."

ಹೇಳಬಹುದಾಗಿದ್ದವರು ಬೇಕಾದಷ್ಟು ಜನ ಇದ್ದರು. ಆಲೂಗಡ್ಡೆ ವ್ಯಾಪಾರಿ ಇದ್ದ, ಹಿರಿಯ ಹಮಾಲಿ ಇದ್ದ. ಆದರೆ ಆಸ್ಪತ್ರೆಗೆ ಈರುಳ್ಳಿ ಹೋದರೆ ಆಲೂಗಡ್ಡೆಯೂ ಹೋಗಬಹುದು, ಮೂಟೆ ಹೊರಲು ಹಮಾಲಿಗಳೂ ಬೇಕಾಗಬಹುದು. ಎಲ್ಲರ ಬಾಯಿಗೂ ಲೋಟ ಅಡ್ಡ ಬಂತು. ಮಾತಾಡದಿರಲು ಟೀಯಷ್ಟು ಒಳ್ಳೆಯ ನೆಪ ಇನ್ನೊಂದಿಲ್ಲ. ಎಲ್ಲರೂ ಕುಡಿದರು.

ಕೊನೆಯ ಲೋಟವನ್ನು ಟೀ ಅಕ್ಕ ತಕ್ಕಡಿಯವರ ಹತ್ತಿರ ತಂದಳು. ಅವರು ಕೈ ಚಾಚಲಿಲ್ಲ. ಅವಳು ಲೋಟವನ್ನು ತಕ್ಕಡಿಯ ಹಲಗೆಯ ಮೇಲೆ ಇಟ್ಟು ಹೋದಳು. ಮೂಟೆಗಟ್ಟಲೆ ತೂಗುವ ತಕ್ಕಡಿ ಅದು, ಒಂದು ಲೋಟಕ್ಕೆ ತೋಳು ಅಲ್ಲಾಡಲಿಲ್ಲ.

"ನೀವು ಮೋಸ ಮಾಡಿದ್ದೀರಿ ಅಂತ ಯಾರೂ ಹೇಳ್ತಿಲ್ಲ" ಎಂದರು ಅಧ್ಯಕ್ಷರು. "ಆದ್ರೆ ಅನುಮಾನ ಬಂದ್ಮೇಲೆ ಅಲ್ಲಿ ನಿಲ್ಲೋ ಹಾಗಿಲ್ಲ. ನಿಯಮ ನಾನು ಮಾಡಿದ್ದಲ್ಲ. ನೋಡಿ..." ಎಂದು ಕರೆಯಲು ಹೋದವರು ನಿಂತರು. ಕರೆಯಲು ಹೆಸರಿರಲಿಲ್ಲ. "ನೋಡಿ" ಎಂದು ಇನ್ನೊಂದು ಸಲ ಹೇಳಿ ಎದ್ದು ಹೋದರು. ತಕ್ಕಡಿಯವರು ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ತೆಗೆದು ಹಲಗೆಯನ್ನು ಒಂದು ಸಲ ಒರೆಸಿ, ಬಟ್ಟೆಯನ್ನು ಅಲ್ಲೇ ಮಡಚಿಟ್ಟು ಇಳಿದರು.

ಹೊಟ್ಟೆಗೆ ಏನಾದರೂ ಬೇಕಲ್ಲ, ಮರುದಿನದಿಂದ ಗೋಣಿ ಮೂಲೆಗೆ ಬಂದು ಕೂತರು. ತಕ್ಕಡಿಗೆ ಮಂಡಿ ಸವೆದ ಲಾರಿ ಡ್ರೈವರನೊಬ್ಬನನ್ನು ಹಾಕಿದ್ದರು. ಒಳ್ಳೆಯ ಮನುಷ್ಯ, ತಿಳಿಯದ್ದನ್ನು ಬಂದು ಕೇಳಿಕೊಂಡು ಹೋಗುತ್ತಿದ್ದ. "ತಕ್ಕಡಿಯವರೇ!" ಎಂದು ಯಾರೋ ಕೂಗಿದರು. "ಓ!" ಎಂದು ಇಬ್ಬರೂ ಓಗೊಟ್ಟರು. ಕೂಗಿದವನು ಇತ್ತ ನೋಡಿದ, ಅತ್ತ ನೋಡಿದ, ನಾಲಿಗೆ ಕಚ್ಚಿಕೊಂಡು ಅತ್ತಲೇ ಹೋದ. ಇವರು ಸೂಜಿಗೆ ದಾರ ಪೋಣಿಸಿದರು. ಅದೇ ಬೆಳಿಗ್ಗೆ ಅದು ಮತ್ತೆ ಮತ್ತೆ ಆಯಿತು. ಪ್ರತಿ ಸಲವೂ ಗಂಟಲಿನಿಂದ 'ಓ' ತಾನಾಗಿ ಹೊರಡುತ್ತಿತ್ತು, ಹಲ್ಲು ಕಚ್ಚಿ ನುಂಗುವುದನ್ನು ಕಲಿಯಬೇಕಾಯಿತು. ಹಳಬರು ಮಾತಾಡಿಸಲು ಬಂದರೆ "ಏನ್ರೀ..." ಎಂದು ತಡವರಿಸಿ ಸುಮ್ಮನಾಗುತ್ತಿದ್ದರು. ಬಟ್ಟೆ ಅಂಗಡಿಯ ಕಾಲ ವಾಪಸು ಬಂದಿತ್ತು. ಈರುಳ್ಳಿ ಕರೆದದ್ದೇ ಸರಿಯಾದದ್ದು ಅಂದುಕೊಂಡು ಯಾರೋ ಒಬ್ಬ ಅದನ್ನೇ ಅಂದ. ಹಿರಿಯ ಹಮಾಲಿ ಟೀಗೆ ಕೂಗಲಿಲ್ಲ. ಗೋಣಿ ಮೂಲೆಗೆ ಆ ನಿಯಮ ಇಲ್ಲ.

ಈರುಳ್ಳಿ ಒಂದು ವಾರ ಕಣ್ಣು ತಪ್ಪಿಸಿಕೊಂಡು ಓಡಾಡಿದ. ಅವನ ಹೆಂಡತಿ ಸಾರಿನ ಪಾತ್ರೆಯನ್ನು ಮಹಡಿಯ ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದಳು, ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು. ಕೊನೆಗೆ ಒಂದು ಇಳಿಹೊತ್ತು ಅವನೇ ಮೆಟ್ಟಿಲು ಹತ್ತಿ ಬಂದ. ಹೊಸಿಲಲ್ಲೇ ಕೂತು ಅವರ ಪಾದ ಹಿಡಿದ.

"ಬಾಯಿ ತಪ್ಪಿ ಬಂದ್ಬಿಡ್ತು. ದೇವರಾಣೆಗೂ ಬೇಕು ಅಂತ ಅಂದಿದ್ದಲ್ಲ. ಎಲ್ರೂ ನೋಡ್ತಿದ್ರು, ಮೇಡಂ ನಿಂತಿದ್ರು, ನಂಗೆ ತಲೆನೇ ಓಡ್ಲಿಲ್ಲ. ಆ ಗಳಿಗೇಲಿ ಏನು ಬಂತೋ ಅದನ್ನ ಅಂದ್ಬಿಟ್ಟೆ. ಗುತ್ತಿಗೆ ಒಂದು ನೆಲೆಗೆ ನಿಲ್ಲಲಿ, ನಾನೇ ಸಂಘದ ಮುಂದೆ ನಿಂತು ಸುಳ್ಳು ಅಂತ ಒಪ್ಕೋತೀನಿ. ನಿಮ್ಮ ತಕ್ಕಡಿ ನಿಮಗೆ ಕೊಡಿಸ್ತೀನಿ."

ಅವರು ಪಾದ ಎಳೆದುಕೊಂಡರು. ಆದರೆ ಬೈಯಲಿಲ್ಲ. ಹೆದರಿದ ಮನುಷ್ಯ ಏನು ಬೇಕಾದರೂ ಅನ್ನುತ್ತಾನೆ, ಅದು ಅವರಿಗೆ ಗೊತ್ತಿತ್ತು. ತಾವೂ ಹೆದರಿ ಬದುಕಿದವರೇ. ಮೊದಲ ದಿನ ಕೊಳೆತ ಈರುಳ್ಳಿಯ ಮುಂದೆ ಕುಕ್ಕರುಬಡಿದು ಕೂತಿದ್ದವನೇ ಈಗ ಹೊಸಿಲಲ್ಲೂ ಕೂತಿದ್ದಾನೆ ಅನ್ನಿಸಿತು. ಅವರ ಒಳಗೆ ಏನೋ ಕರಗತೊಡಗಿತು. "ಹೊಸಿಲ ಮೇಲೆ ಕೂರಬೇಡ, ಒಳಗೆ ಬಾ" ಎಂದರು.

ಅಷ್ಟರಲ್ಲಿ ಮೆಟ್ಟಿಲಲ್ಲಿ ಪ್ಲಾಸ್ಟಿಕ್ ಚಪ್ಪಲಿಯ ಸದ್ದಾಯಿತು. ಪುಟ್ಟಿ ಓಡಿ ಬಂದಳು. ಒಂದು ವಾರದಿಂದ ಅವಳನ್ನು ಮೇಲೆ ಬಿಟ್ಟಿರಲಿಲ್ಲ. ಅಪ್ಪನನ್ನು ದಾಟಿ ಒಳಗೆ ನುಗ್ಗಿ ಎರಡೂ ಕೈ ಎತ್ತಿ, "ದೊಡ್ಡ..." ಎಂದು ಕರೆದಳು. ಮಾತಿನ ಉಳಿದ ಅರ್ಧವನ್ನೂ ಸ್ಪಷ್ಟವಾಗಿ ಹೇಳಿದಳು. ಅಪ್ಪನ ಒಡಹುಟ್ಟಿದವರನ್ನು ಮಕ್ಕಳು ಏನು ಕರೆಯುತ್ತಾರೋ ಅದು. "ನನ್ನ ತೂಗು!"

ತಕ್ಕಡಿಯವರ ಕೈ ಅರ್ಧಕ್ಕೆ ನಿಂತಿತು. ಮಗುವಿಗೆ ಹೆದರಿಕೆಯಾಗಬಾರದು ಎಂದು ಮೆಲ್ಲಗೆ ಕೇಳಿದರು. "ಹಾಗೆ ಅನ್ನು ಅಂತ ಯಾರು ಹೇಳ್ಕೊಟ್ರು ಪುಟ್ಟಿ? ಸಭೆ ಆದ್ಮೇಲೆ ಅಪ್ಪ ಹೇಳ್ಕೊಟ್ರಾ?"

"ಪುಟ್ಟಿ, ಕೆಳಗೆ ಹೋಗು" ಎಂದ ಈರುಳ್ಳಿ.

ಪುಟ್ಟಿಗೆ ತಾನು ಬುದ್ಧಿವಂತೆ ಎಂದು ತೋರಿಸಿಕೊಳ್ಳುವ ವಯಸ್ಸು. "ಇಲ್ಲ, ಸಭೆಗಿಂತ ಎಷ್ಟೋ ಮುಂಚೆನೇ! ಆಸ್ಪತ್ರೆ ಮೇಡಂ ನಮ್ಮನೆಗೆ ಊಟಕ್ಕೆ ಬಂದಿದ್ರಲ್ಲ, ನೀನು ನಿಮ್ಮಕ್ಕನ ಮನೆಗೆ ಹಣ್ಣು ಕೊಡೋಕೆ ಹೋಗಿದ್ದೆ ನೋಡು, ಅವತ್ತು. ಮೇಡಂ ಮುಂದೆ ತಕ್ಕಡಿ ಅಂದ್ರೆ ಏಟು ಬೀಳುತ್ತೆ, ಹೀಗೇ ಅನ್ನಬೇಕು, ನಿನ್ನ ಹತ್ರ ಮಾತ್ರ ಸದ್ಯಕ್ಕೆ ಬೇಡ ಅಂತ ಅಪ್ಪ ದಿನಾ ಹೇಳಿಸ್ತಿದ್ರು. ನಂಗೆ ಮೊದ್ಲು ಬರ್ತಾನೇ ಇರ್ಲಿಲ್ಲ. ಆಮೇಲೆ ಮೇಡಂ ಮುಂದೆ ಒಂದ್ಸಲನೂ ತಪ್ಪಲಿಲ್ಲ ನಾನು. ಚಾಕಲೇಟ್ ಕೊಡಿಸಿದ್ರು." ಅವರ ಮುಖ ನೋಡಿ ಅನುಮಾನ ಬಂದು ಕೇಳಿದಳು: "ಸರಿಯಾಗಿ ಹೇಳಿದೆ ತಾನೆ?"

"ಸರಿಯಾಗೇ ಹೇಳಿದೆ ಮಗು" ಎಂದರು ಅವರು. "ನಿಮ್ಮಪ್ಪ ಚೆನ್ನಾಗಿ ಕಲಿಸಿದ್ದಾನೆ."

ಎತ್ತಿದ ಕೈಗಳನ್ನು ಕಾಯಿಸಬಾರದು ಎಂದು ಅವಳನ್ನು ಎತ್ತಿದರು, ಒಂದು ಗಳಿಗೆ ಹಿಡಿದರು, ಏನೂ ಕೂಗದೆ ಇಳಿಸಿದರು. ಆಮೇಲೆ ಮಂಚದ ಕೆಳಗಿನಿಂದ ಚೀಲ ಎಳೆದು ಬಟ್ಟೆ ತುಂಬತೊಡಗಿದರು. ಬೂದುಬಣ್ಣದ ಅಂಗಿಗಳು, ತಾಯಿಯ ಸೂಜಿ ಡಬ್ಬಿ, ಬಾಚಣಿಗೆ. ತುಂಬಲು ಹೆಚ್ಚೇನೂ ಇರಲಿಲ್ಲ.

ಈರುಳ್ಳಿ ಹೊಸಿಲಲ್ಲಿ ಎದ್ದು ನಿಂತ. ಹೇಳಲು ಏನೂ ಉಳಿದಿರಲಿಲ್ಲ, ಕರೆಯುವುದೊಂದು ಉಳಿದಿತ್ತು. "ತಕ್ಕಡಿಯವರೇ" ಎಂದ. ಮತ್ತೆ, ಇನ್ನೂ ಮೆತ್ತಗೆ, "ತಕ್ಕಡಿಯವರೇ."

ಅವರು ತಿರುಗಿ ನೋಡಿದರು. ಅವನು ತಮ್ಮ ಪಕ್ಕದಲ್ಲಿರುವ ಇನ್ಯಾರನ್ನೋ ಕರೆಯುತ್ತಿದ್ದ ಹಾಗಿತ್ತು.